ಡೋರ್ ಪ್ಯಾಡ್ ಹಿಂದಿನ ಹಾಳೆ

ಕಾರಿನ ಬಾಗಿಲಿನ ಒಳಹೊದಿಕೆ, ಅಂದರೆ ಡೋರ್ ಪ್ಯಾಡ್, ಬಿಚ್ಚುವಾಗ ಮುರಿದ ಕ್ಲಿಪ್ ಕಣ್ಣಿಗೆ ಬೀಳುತ್ತದೆ. ಕೂರಿಸುವಾಗ ಮುರಿದದ್ದು ಡೋರ್ ಪ್ಯಾಡ್ ಹಿಂದೆ ಅಡಗಿದ್ದು, ವಾರ ಕಳೆದ ಮೇಲೆ ಬೆಂಗಳೂರಿನ ಬನಶಂಕರಿಯ ಯಾವುದೋ ಹಂಪ್ ಹತ್ತಿ ಇಳಿಯುವಾಗ ಕಟಕಟ ಅನ್ನತೊಡಗುತ್ತದೆ. ಹಾಗಾಗಿ ಕಳೆದ ವಾರದ ಬರಹವನ್ನು ಬಿಚ್ಚುವ ಕೆಲಸಕ್ಕೇ ನಿಲ್ಲಿಸಿ, ಕೂರಿಸುವುದನ್ನು ಈ ವಾರಕ್ಕೆ ಉಳಿಸಿಕೊಂಡೆ.

ಬಾಗಿಲಿನ ತೂತಿನಲ್ಲೇ ಉಳಿದುಕೊಂಡ ಕ್ಲಿಪ್‌ಗಳನ್ನು ಮೊದಲು ಕಿತ್ತು, ಪ್ಯಾಡಿನ ಹಿಂದಿನ ಸೀಳಿಗೆ ಸೇರಿಸಬೇಕು. ಬುಡದಲ್ಲಿ ಬೆಳ್ಳಗೆ ಗೆರೆ ಮೂಡಿದ ಕ್ಲಿಪ್ ಮತ್ತೆ ಬಳಸಬೇಡಿ, ಜೆ.ಸಿ. ರಸ್ತೆಗೆ ಹಳೆಯದನ್ನೇ ಒಯ್ದು ಅಳತೆ ನೋಡಿ ಹೊಸದು ತನ್ನಿ. ಸ್ವಿಚ್ಚಿನ ವೈರು, ಹಿಡಿಯ ಕೇಬಲ್ ಸಿಕ್ಕಿಸಿ, ಲಾಕ್ ನಾಬ್ ತೂರಿಸಿ, ಪ್ಯಾಡಿನ ಮೇಲಂಚನ್ನು ಗಾಜಿನ ಪಟ್ಟಿಗೆ ನೇತುಹಾಕಿ. ಆಮೇಲೆ ಒಂದೊಂದೇ ಕ್ಲಿಪ್‌ನ ಮೂತಿ ತೂತಿಗೆ ನೇರವಾಗಿದೆಯೇ ಎಂದು ಸಂದಿಯಲ್ಲಿ ಇಣುಕಿ ನೋಡಿ, ಅದರ ಮೇಲೇ ಅಂಗೈಯಿಟ್ಟು ಒತ್ತಬೇಕು. ನೇರವಾಗಿದ್ದರೆ ಟಕ್ ಎಂದು ಕೂರುತ್ತದೆ. ಕೂರದಿದ್ದರೆ ಹೊರಗೆಳೆದು ನೋಡಿ, ಬಲ ಹೆಚ್ಚಿಸಬೇಡಿ. ತಿರುಪುಗಳು ಕೊನೆಗೆ.

ಗುದ್ದಿ ಕೂರಿಸುವವರ ಪಂಥ ನಮ್ಮಲ್ಲಿ ದೊಡ್ಡದು. ಅದಕ್ಕಿಂತ ಕೆಟ್ಟದ್ದು ಸಿಲಿಕಾನ್ ಬಳಿದು ಅಂಟಿಸುವ ಪಂಥ. ಕ್ಲಿಪ್ ಇರುವುದೇ ಪ್ಯಾಡ್ ಉಳಿಸಲು. ಅಂಟಿಸಿದ ಪ್ಯಾಡನ್ನು ಮುಂದಿನ ಸಲ ತೆಗೆಯುವಾಗ ಹರಿಯುವುದು ಪ್ಯಾಡೇ. ಹಿಂದೆ ಮಾರುತಿ 800ರ ಗಾಜು ಏರಿಸುವ ಹಿಡಿ ಬಿಚ್ಚಲು ಹಳಬರು ಬಟ್ಟೆಯ ಚೂರೊಂದನ್ನು ಅದರ ಹಿಂದೆ ಹಾಕಿ ಅತ್ತಿತ್ತ ಎಳೆಯುತ್ತಿದ್ದರು. ಒಳಗಿನ ಸ್ಪ್ರಿಂಗ್ ತಂತಿ ತಾನಾಗಿ ಜಾರಿ ಬರುತ್ತಿತ್ತು. ಆ ಕೈಗಳ ನಯ ಕಲಿಯಬೇಕು.

ಆದರೆ ಕ್ಲಿಪ್‌ಗಿಂತ ನನಗೆ ಸಂಕಟವಾಗುವುದು ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯ ವಿಷಯದಲ್ಲಿ. ಸ್ಪೀಕರ್ ಹಾಕಿಸಲು ಕೊಟ್ಟ ಎಷ್ಟೋ ಕಾರುಗಳಲ್ಲಿ ಅದು ಹರಿದು ಮೂಲೆ ಸೇರಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಗಾಜಿನ ಹೊರಗಿನ ಬೀಡಿಂಗ್ ಮಳೆಯನ್ನು ಪೂರ್ತಿ ತಡೆಯುವುದಿಲ್ಲ. ನೀರು ಬಾಗಿಲೊಳಗೆ ಇಳಿಯುತ್ತದೆ, ಕೆಳಗಿನ ಸಣ್ಣ ರಂಧ್ರಗಳಿಂದ ಹೊರಬೀಳುತ್ತದೆ. ಅದು ಒಳಬದಿಗೆ ಬರದಂತೆ ತಡೆದು ಬಾಗಿಲಿಗೇ ಮರಳಿಸುವುದು ಈ ಹಾಳೆ. ಅದಿಲ್ಲದಿದ್ದರೆ ಮೇ ತಿಂಗಳ ಮಳೆ ಸುರಿದು ಬಿಟಿಎಂ ಲೇಔಟ್ ರಸ್ತೆಗಳಲ್ಲಿ ಸಂಚಾರ ನಿಂತ ಸಂಜೆಯೇ ಕಾಲಡಿಯ ಕಾರ್ಪೆಟ್ ಒದ್ದೆ. ಹಾರ್ಡ್‌ಬೋರ್ಡಿನ ಪ್ಯಾಡಾದರೆ ನೀರು ಕುಡಿದು ಉಬ್ಬಿ, ಕ್ಲಿಪ್ ಹಿಡಿಯುವ ತೂತೇ ಸಡಿಲವಾಗುತ್ತದೆ. ಆಮೇಲೆ ಎಷ್ಟು ಹೊಸ ಕ್ಲಿಪ್ ತಂದರೂ ನಿಲ್ಲುವುದಿಲ್ಲ.

ಹಾಳೆಯ ಕಪ್ಪು ಅಂಟನ್ನು ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಮಾಡಿದರೆ ಸಾಮಾನ್ಯವಾಗಿ ಮತ್ತೆ ಹಿಡಿಯುತ್ತದೆ. ಹರಿದಿದ್ದರೆ ದಪ್ಪ ಪಾಲಿಥೀನ್ ಕತ್ತರಿಸಿ ಹಚ್ಚಿ; ಕೆಳಗಿನ ಅಂಚು ಬಾಗಿಲೊಳಗೆ ಇಳಿದಿರಲಿ. ಸ್ವಿಚ್ಚಿನ ವೈರನ್ನು ಬದಿಗಿರಿಸಿ, ಗಾಜಿನ ಹೊರಬದಿಗೆ ಒಂದು ಮಗ್ ನೀರು ಸುರಿಯಿರಿ. ಕೆಳಗಿನ ರಂಧ್ರದಿಂದ ಸುರಿದು ಹಾಳೆಯ ಒಳಬದಿ ಒಣಗಿಯೇ ಇದ್ದರೆ ಪ್ಯಾಡ್ ಕೈಗೆತ್ತಿಕೊಳ್ಳಿ.