ಫ್ರೆಟ್ ಮೊದಲು, ಪಿಕಪ್ ಆಮೇಲೆ

ನಾರಾಯಣಖೇಡ ಬಳಿಯ ನಾಗಲಗಿದ್ದದ ಓದುಗರೊಬ್ಬರು ಬರೆದಿದ್ದಾರೆ. ಅವರ ಬಳಿ ಅಗ್ಗದ ಬಾಸ್ ಗಿಟಾರ್ ಒಂದಿದೆ. ಭಾನುವಾರ ಚರ್ಚಿನಲ್ಲಿ ನುಡಿಸುತ್ತಾರೆ, ಊರಿನ ತತ್ವಪದದವರ ಜೊತೆಗೂ ಕೂರುವ ಆಸೆ. ಅದಕ್ಕೆ ಫ್ರೆಟ್‌ಗಳನ್ನು ಕಿತ್ತುಬಿಡಬೇಕೆಂದಿದ್ದಾರೆ. ಕೇಳಿರುವುದು ಮಾತ್ರ ಒಂದೇ: “ಪಿಕಪ್ ಯಾವುದು ಹಾಕಿಸಲಿ ಸರ್?” ಪಿಕಪ್‌ಗೆಂದು ಎತ್ತಿಟ್ಟ ದುಡ್ಡು ಸದ್ಯಕ್ಕೆ ಇಟ್ಟಲ್ಲೇ ಇರಲಿ. ಫ್ರೆಟ್ ಇಲ್ಲದ ಬಾಸಿನ ನಾದ ಹುಟ್ಟುವುದು ತಂತಿ ಮರಕ್ಕೆ ತಾಗುವ ಜಾಗದಲ್ಲಿ. ಆ ಜಾಗ ಏರುಪೇರಾಗಿದ್ದರೆ ದುಬಾರಿ ಪಿಕಪ್ಪು ಆ ಏರುಪೇರನ್ನೇ ಜೋರಾಗಿ ಕೇಳಿಸುತ್ತದೆ, ಅಷ್ಟೆ.

ಅಗ್ಗದ್ದೆಂಬ ಸಂಕೋಚವೂ ಬೇಡ. ಮುಂದೆ ರೋಲಿಂಗ್ ಸ್ಟೋನ್ಸ್ ತಂಡ ಸೇರಿದ ಬಿಲ್ ವೈಮನ್ 1961ರಲ್ಲಿ ಒಂದು ಅಗ್ಗದ ಬಾಸ್ ಕೊಂಡು ಅದರ ಹಳೆಯ ಫ್ರೆಟ್‌ಗಳನ್ನು ಕಿತ್ತ. ಕಿತ್ತದ್ದು ಹೊಸವನ್ನು ಕೂರಿಸುವುದಕ್ಕೆ; ಆದರೆ ನಾದ ಹಿಡಿಸಿತು, ಹೊಸವು ಬರಲೇ ಇಲ್ಲ. ಆಂಪೆಗ್ ಕಂಪನಿ ಇಂಥ ಬಾಸನ್ನು ತಯಾರಿಸಿ ಮಾರತೊಡಗಿದ್ದು 1966ರಲ್ಲಿ, ಫೆಂಡರ್ 1970ರಲ್ಲಿ. ಜಗತ್ತಿಗೆ ಇದರ ರುಚಿ ಹತ್ತಿಸಿದವನು ಜಾಕೋ ಪಾಸ್ಟೋರಿಯಸ್. ಅವನದು 1962ರ ಫೆಂಡರ್ ಜಾಜ್ ಬಾಸ್. ಫ್ರೆಟ್ ಕಿತ್ತ ಸೀಳುಗಳಿಗೆ ಮರದ ಲಪ್ಪ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ. 1976ರಲ್ಲಿ ಬಂದ ಅವನ ಮೊದಲ ಆಲ್ಬಂ ಕೇಳಿ, ಬಾಸ್ ಹಾಡುತ್ತದೆ.

ನಮ್ಮ ಕಿವಿಗೆ ಇದೇನೂ ಹೊಸದಲ್ಲ. ಪಿಟೀಲಿಗೆ ಫ್ರೆಟ್ಟೆಂಬ ಮೆಟ್ಟಿಲಿಲ್ಲ, ಗೋಟುವಾದ್ಯಕ್ಕಿಲ್ಲ, ಸರೋದಿಗಿಲ್ಲ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರು ಸರೋದಿನ ಉಕ್ಕಿನ ತಗಡಿನ ಮೇಲೆ ಉಗುರು ಜಾರಿಸುತ್ತ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುತ್ತಿದ್ದುದನ್ನು ಕೇಳಿದವರಿಗೆ ನಾನು ಏನನ್ನು ಹೇಳುತ್ತಿದ್ದೇನೆಂದು ಗೊತ್ತು. ಆದರೆ ಬೀದರ್, ಜಹೀರಾಬಾದ್, ನಾರಾಯಣಖೇಡ ಕಡೆಯ ಭಜನೆಗಳಲ್ಲಿ ಯಜಮಾನಿಕೆ ಹಾರ್ಮೋನಿಯಂನದು. ಅದರ ಮನೆಗಳು ಖಾಯಂ, ಜಾರು ಅದಕ್ಕೆ ಬಾರದು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟದ್ದಕ್ಕೆ ಈ ಕೊರತೆಯೂ ಒಂದು ಕಾರಣ. ಮತ್ತೆ ಒಳಗೆ ಬಿಡಲು 1971 ಆಗಬೇಕಾಯಿತು. ಅಷ್ಟು ಶಿಕ್ಷೆ ಹೆಚ್ಚಾಯಿತೆಂದೇ ನನ್ನ ಎಣಿಕೆ. ಹಾಡುವವರು ಜಾರುವಾಗ ಹಾರ್ಮೋನಿಯಂ ಹಿಂದುಳಿಯುತ್ತದೆ, ಏಕತಾರಿ ಷಡ್ಜ ಬಿಟ್ಟು ಕದಲುವುದಿಲ್ಲ. ಫ್ರೆಟ್ ಇಲ್ಲದ ಬಾಸಿಗೆ ಅಲ್ಲೊಂದು ಜಾಗ ಖಾಲಿ ಇದೆ. ನಿಲ್ಲುವಾಗ ಹಾರ್ಮೋನಿಯಂನ ಸ್ವರಕ್ಕೇ ನಿಲ್ಲಬೇಕು. ಎರಡು ಸ್ವರಗಳ ನಡುವಿನ ದಾರಿಯಷ್ಟೇ ನಿಮ್ಮದು.

ಇನ್ನು ಕೆಲಸ. ಮೊದಲು ಫಿಂಗರ್‌ಬೋರ್ಡ್ ಯಾವ ಮರದ್ದೆಂದು ನೋಡಿ. ಹಳೆಯವಾದರೆ ಬೀಟೆ ಇರಬಹುದು. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ಬಿಗಿ ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಅಷ್ಟರಲ್ಲಿ ಅಗ್ಗದ ಗಿಟಾರುಗಳು ಬೇರೆ ಮರ ಹಿಡಿದಿದ್ದವು. ಸ್ಕ್ವಯರ್ ಹೆಸರಿನ ಹಲವು ಬಾಸುಗಳಲ್ಲಿ ‘ಇಂಡಿಯನ್ ಲಾರೆಲ್’ ಎಂದು ಬರೆದಿರುತ್ತಾರಲ್ಲ, ಅದು ನಮ್ಮ ಮತ್ತಿ ಮರ. ನಾಗಲಗಿದ್ದದ ತೆಲುಗರಿಗೆ ನಲ್ಲಮದ್ದಿ. ಗಟ್ಟಿ ಮರವೇ, ಆದರೆ ಎಳೆ ಒರಟು, ಅವಸರ ಮಾಡಿದರೆ ಚಕ್ಕೆ ಏಳುತ್ತದೆ. ಆದ್ದರಿಂದ ಸೋಲ್ಡರಿಂಗ್ ಐರನ್ನಿನಿಂದ ಫ್ರೆಟ್ಟನ್ನು ಕಾಯಿಸಿ, ಬಾಯಿ ಚಪ್ಪಟೆಯಾಗಿ ಮಸೆದ ಇಕ್ಕಳವನ್ನು ಅಂಚಿನಿಂದ ತೂರಿಸಿ, ಹಿಚುಕುತ್ತ ಮೇಲೆಬ್ಬಿಸಿ. ಎಳೆಯಬೇಡಿ. ಎದ್ದ ಚಕ್ಕೆಗೆ ಆಗಲೇ ಒಂದು ಹನಿ ಫೆವಿಕ್ವಿಕ್.

ಉಳಿದ ಸೀಳು ಸುಮಾರು 0.6 ಮಿಲಿಮೀಟರ್ ಅಗಲ. ಲಪ್ಪ ತುಂಬುವುದು ಸುಲಭ, ಆದರೆ ನಾನು ಒಪ್ಪುವುದಿಲ್ಲ. ಪ್ಲೈವುಡ್ ಅಂಗಡಿಯ ತೆಳು ವಿನಿಯರನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಕೂರಿಸಿ. ಬೀದರಿನ ಬಿದರಿ ಕೆಲಸದವರು ಕೊರೆದ ಗೀರಿಗೆ ಬೆಳ್ಳಿ ತಂತಿ ಬಡಿದು ಆಮೇಲೆ ಮಟ್ಟ ಮಾಡುವ ಹಾಗೆ. ಸೀಳು ಸಡಿಲವಿದ್ದರೆ ತಂತಿಯ ಎಳೆತಕ್ಕೆ ನೆಕ್ ಬೇಗ ಬಗ್ಗುತ್ತದೆ. ವಿನಿಯರ್ ತಿಳಿ ಬಣ್ಣದ್ದಿರಲಿ, ಗೆರೆ ಎದ್ದು ಕಾಣಲಿ. ಗೆರೆ ನೋಡಿ ನುಡಿಸುವುದು ಕೀಳು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಜಾಕೋನ ಬಾಸಿನಲ್ಲೂ ಗೆರೆಗಳಿದ್ದವು. ಪಕ್ಕದ ಚುಕ್ಕಿಗಳನ್ನು ಮಾತ್ರ ನಂಬಬೇಡಿ. ಅವು ಎರಡು ಫ್ರೆಟ್‌ಗಳ ನಡುವೆ ಇರುತ್ತವೆ, ಇನ್ನು ಮುಂದೆ ಸ್ವರ ಇರುವುದು ಗೆರೆಯ ಮೇಲೆಯೇ.

ಆಮೇಲೆ ಮಟ್ಟ ಮಾಡುವುದು. ಇಡೀ ಕೆಲಸದ ಜೀವ ಇಲ್ಲಿದೆ, ದುಡ್ಡು ಸುರಿಯಬೇಕಾದದ್ದೂ ಇಲ್ಲೇ. ಫಿಂಗರ್‌ಬೋರ್ಡ್ ಅಡ್ಡಲಾಗಿ ಕೊಂಚ ಗುಂಡಗಿರುತ್ತದೆ; ಫೆಂಡರ್ ಮಾದರಿಯ ಹೊಸ ಬಾಸುಗಳಲ್ಲಿ ಆ ಗುಂಡಿನ ತ್ರಿಜ್ಯ ಸಾಮಾನ್ಯವಾಗಿ 9.5 ಅಂಗುಲ. ಅದೇ ತ್ರಿಜ್ಯದ ಮರದ ತುಂಡಿಗೆ ಪಾಲಿಶ್ ಕಾಗದ ಸುತ್ತಿ ನೆಕ್ಕಿನ ಉದ್ದಕ್ಕೂ ಒಂದೇ ಹದದಲ್ಲಿ ಉಜ್ಜಬೇಕು. ಕೈ ನಡುಗುವುದಾದರೆ ಪೀಠೋಪಕರಣ ಮಾಡುವ ಒಳ್ಳೆಯ ಬಡಗಿಗೆ ಕೊಡಿ, ಪಕ್ಕದಲ್ಲೇ ಕೂತು ಮಾಡಿಸಿ. ಫ್ರೆಟ್‌ಗಳ ಎತ್ತರ ಹೋಗಿರುವುದರಿಂದ ನಟ್‌ನ ಗೀರುಗಳನ್ನೂ ಅಷ್ಟೇ ಆಳ ಮಾಡಬೇಕು, ಬ್ರಿಡ್ಜ್ ಇಳಿಸಬೇಕು. ತಂತಿ ಫ್ಲಾಟ್‌ವೂಂಡ್ ಇರಲಿ. ಸುರುಳಿ ಉಬ್ಬಿದ ರೌಂಡ್‌ವೂಂಡ್ ತಂತಿ ಮರವನ್ನು ಅರದಂತೆ ತಿನ್ನುತ್ತದೆ. ಜಾಕೋ ಅದನ್ನೇ ಹಾಕುತ್ತಿದ್ದ, ಎಪಾಕ್ಸಿ ಬಳಿದದ್ದು ಆ ಕಾರಣಕ್ಕೇ.

ಇಷ್ಟಾದ ಮೇಲೆ ಹಳೆಯ ಪಿಕಪ್ಪಿನಲ್ಲೇ ಕೆಲವು ವಾರ ನುಡಿಸಿ. ತಂತಿ ಕೆಳಗಿಳಿದಿದೆ, ಪಿಕಪ್ಪನ್ನೂ ಇಳಿಸಿ. ಅಯಸ್ಕಾಂತ ತೀರಾ ಹತ್ತಿರವಿದ್ದರೆ ದಪ್ಪ ತಂತಿಯ ಸ್ವರ ಅಲುಗುತ್ತದೆ. ಆಗಲೂ ಸಾಲದೆನಿಸಿದರೆ ನನ್ನ ಆಯ್ಕೆ ಜಾಜ್ ಮಾದರಿ. ಫ್ರೆಟ್‌ಲೆಸ್ಸಿನ ಆ ಮೂಗಿನ ಕೊರಗು ಚೆನ್ನಾಗಿ ಸಿಗುವುದು ಬ್ರಿಡ್ಜ್ ಪಕ್ಕದ ಪಿಕಪ್ಪಿನಲ್ಲಿ. ಫೆಂಡರಿನದೇ ಪ್ರಿಸಿಷನ್ ಬಾಸ್ ಮಾದರಿಯದು ದುಂಡು ನಾದ, ಚರ್ಚಿನ ಹಾಡಿಗೆ ಧಾರಾಳ ಸಾಕು, ಗುಂಯ್ ಎನ್ನುವ ಸದ್ದೂ ಇಲ್ಲ. ಜಾಜ್‌ನ ಎರಡೂ ಪಿಕಪ್‌ಗಳನ್ನು ಪೂರ್ತಿ ತೆರೆದರೆ ಆ ಸದ್ದು ಒಂದಕ್ಕೊಂದು ವಜಾ ಆಗುತ್ತದೆ. ಬ್ರಿಡ್ಜ್‌ನದನ್ನು ಮಾತ್ರ ಬಿಟ್ಟರೆ ಮರಳಿ ಬರುತ್ತದೆ. ಸೀರಿಯಲ್ ಲೈಟು, ಜನರೇಟರು ಇರುವ ಪೆಂಡಾಲಿನಲ್ಲಿ ಅದು ಹಾಡನ್ನೇ ನುಂಗುತ್ತದೆ. ಹಾಗಾಗಿ ಡಿಮಾರ್ಜಿಯೋ ಮಾಡೆಲ್ ಜೆ ಥರದ, ಗುಂಯ್ ಅಡಗಿಸುವ ಪಿಕಪ್ಪೇ ಲೇಸು. ಜಾಜ್‌ನ ಎರಡು ಪಿಕಪ್‌ಗಳ ಉದ್ದ ಬೇರೆ ಬೇರೆ, ಬ್ರಿಡ್ಜ್‌ನದು ಸ್ವಲ್ಪ ಉದ್ದ; ಹಳೆಯವನ್ನು ಅಳೆಯದೆ ಹೊಸವನ್ನು ತರಿಸಬೇಡಿ.

ಯಾವುದನ್ನೇ ಹಾಕಿಸಿ, ಪೆಂಡಾಲಿನಲ್ಲಿ ಕೂರುವ ಮುನ್ನ ಆಂಪಿನ ಪ್ಲಗ್ಗಿಗೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಶಿಯನ್ ಕೈಲಿ ನೋಡಿಸಿ. ಬಾಸಿನ ತಂತಿಗಳು ಬ್ರಿಡ್ಜ್ ಮೂಲಕ ಆ ಅರ್ಥಿಗೇ ಸೇರಿರುತ್ತವೆ.