ಅಮ್ಮಾರ್ ಅಲ್-ಶರೀಯಿಯ ಸಂಗೀತದಲ್ಲಿ ಔಚಿತ್ಯ

ನಾಟಕಕ್ಕಾಗಿ ಹುಟ್ಟಿದ ಗೀತವನ್ನು ನಾಟಕದಿಂದ ಬೇರ್ಪಡಿಸಿ ಅಳೆಯಬಹುದೆ ಎಂಬ ಪ್ರಶ್ನೆಯು ಹೊಸತಲ್ಲ. ಭರತಮುನಿಯು ಧ್ರುವಾಗಾನವನ್ನು ಪ್ರಾವೇಶಿಕೀ ಮೊದಲಾದ ಐದು ಬಗೆಯಾಗಿ ವಿಂಗಡಿಸಿದುದು ಪ್ರಯೋಗಸಂದರ್ಭವನ್ನು ಅನುಸರಿಸಿಯೇ. ಈಜಿಪ್ಟ್ ದೇಶದ ಸಂಗೀತರಚನಕಾರನಾದ ಅಮ್ಮಾರ್ ಅಲ್-ಶರೀಯಿಯ (1948–2012) ಕೃತಿಗಳ ಪರೀಕ್ಷೆಗೆ ಈ ದೃಷ್ಟಿಯು ಸಹಾಯಕವಾಗುವುದು.

ಮಿನ್ಯಾ ಪ್ರಾಂತದ ಸಮಾಲೂತಿನಲ್ಲಿ ಜನಿಸಿದ ಈತನು ಜನ್ಮಾಂಧನು. ಕೈರೋ ನಗರದ ಐನ್ ಶಮ್ಸ್ ವಿಶ್ವವಿದ್ಯಾನಿಲಯದಲ್ಲಿ ಆಂಗ್ಲಸಾಹಿತ್ಯವನ್ನು ವ್ಯಾಸಂಗಮಾಡಿ 1970ರಲ್ಲಿ ಪದವೀಧರನಾದನು. ಅಕಾರ್ಡಿಯನ್, ಆರ್ಗನ್ ವಾದ್ಯಗಳನ್ನು ನುಡಿಸುತ್ತ ವೃತ್ತಿಯನ್ನಾರಂಭಿಸಿ, ಮುಂದೆ ಗಾಯಕರಿಗೂ ಚಲಚ್ಚಿತ್ರಗಳಿಗೂ ದೂರದರ್ಶನದ ಧಾರಾವಾಹಿಗಳಿಗೂ ರಾಗಸಂಯೋಜನೆ ಮಾಡಿದನು. ಹಲವರ ಅಪೇಕ್ಷೆಗೆ ಒಳಗಾಗಿ ರಚಿಸುವವನಲ್ಲಿ ಸ್ವಂತ ಶೈಲಿಯು ನಿಲ್ಲುವುದೆ ಎಂಬ ಆಕ್ಷೇಪವು ಇಲ್ಲಿ ಸಹಜವಾಗಿದೆ.

1979ರ ‘ಅಲ್-ಅಯ್ಯಾಮ್’ ಧಾರಾವಾಹಿಯು ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪಂಡಿತ ತಾಹಾ ಹುಸೇನನ ಆತ್ಮಕಥೆಯನ್ನು ಆಧರಿಸಿದುದು. ಆತನೂ ಮಿನ್ಯಾ ಪ್ರಾಂತದವನೇ. ಸಯ್ಯಿದ್ ಹಿಜಾಬನ ಪದಗಳಿಗೆ ಶರೀಯಿಯು ರಾಗವನ್ನು ಕೂಡಿಸಿದನು. ಅಲೀ ಅಲ್-ಹಗ್ಗಾರನು ಹಾಡಿದನು. ಇಂಥ ವಸ್ತುವಿನಲ್ಲಿ ಕರುಣವು ಸುಲಭಸಾಧ್ಯ. ಆದರೂ ಗೀತದಲ್ಲಿ ಮೇಲೆದ್ದು ಕಾಣುವುದು ವಿಲಾಪವಲ್ಲ, ಧೃತಿ. ಸಂಯೋಜಕನು ತನ್ನ ಅಂಧತ್ವವನ್ನು ಕೃತಿಯ ಅಲಂಕಾರವಾಗಿ ಮಾಡಿಕೊಳ್ಳಲಿಲ್ಲ.

ಗೂಢಚಾರನೊಬ್ಬನ ಕಥೆಯಾದ ‘ರಾಫತ್ ಅಲ್-ಹಗ್ಗಾನ್’ ಧಾರಾವಾಹಿಯ ಪೀಠಿಕಾಸಂಗೀತದಲ್ಲಿ ಪದಗಳಿಲ್ಲ. ಹೆಸರನ್ನೇ ಮರೆಮಾಡಿ ಬಾಳುವವನ ಕಥೆಗೆ ವಾದ್ಯದ ನುಡಿಯೇ ಉಚಿತವಷ್ಟೆ! 1986ರ ‘ಅಲ್-ಬರೀ’ ಚಿತ್ರದಲ್ಲಾದರೋ ಶರೀಯಿಯು ತಾನೇ ಹಾಡಿರುವನು. ರಾಜಕೀಯ ಬಂದಿಗಳೆಲ್ಲ ದೇಶದ ಶತ್ರುಗಳೆಂದು ನಂಬಿ ಸೆರೆಮನೆಯನ್ನು ಕಾಯುವ ಮುಗ್ಧ ರೈತಯುವಕನ ಕಥೆಯದು. ನುರಿತ ಗಾಯಕನ ಮಾಧುರ್ಯವು ಅಲ್ಲಿ ದೋಷವೇ ಆಗುತ್ತಿದ್ದಿತು. ಶೈಲಿಯೆಂಬುದು ಒಂದೇ ಬಗೆಯ ಸ್ವರವಿನ್ಯಾಸವಾಗಿರಬೇಕಾಗಿಲ್ಲ. ಏನನ್ನು ಬಿಡಬೇಕೆಂಬ ವಿವೇಕವೂ ಶೈಲಿಯೇ. ಮೇಲಿನ ಆಕ್ಷೇಪಕ್ಕೆ ಇದೇ ಸಮಾಧಾನ.

ಇಷ್ಟಾದರೂ ಒಂದು ಶಂಕೆಯು ಉಳಿಯುವುದು. ಪೀಠಿಕಾಗೀತವು ಧಾರಾವಾಹಿಯನ್ನು ಬಿಟ್ಟು ಸ್ವತಂತ್ರವಾಗಿ ಜನರ ಬಾಯಲ್ಲಿ ನೆಲಸಿದಾಗ ಅಂಗವು ಅಂಗಿಯನ್ನು ಮೀರಿದಂತಾಗಲಿಲ್ಲವೆ? ಕಥೆ ನಡೆಯುತ್ತಿರುವಾಗ ಮೀರಿದರೆ ದೋಷ. ಕಥೆ ಮುಗಿದ ಬಳಿಕ ಉಳಿದರೆ ಅದು ಕಥೆಯ ಸ್ಮೃತಿ. ಶರೀಯಿಯ ಉತ್ತಮ ರಚನೆಗಳು ಎರಡನೆಯ ವರ್ಗಕ್ಕೆ ಸೇರತಕ್ಕವು.

‘ಸ್ವರಸಾಗರದಲ್ಲಿ ಮುಳುಕ’ ಎಂಬರ್ಥದ ಹೆಸರಿನ ಬಾನುಲಿ ಕಾರ್ಯಕ್ರಮದಲ್ಲಿ ಈತನು ಇತರರ ರಚನೆಗಳ ಗುಣಗಳನ್ನು ಸಾಮಾನ್ಯ ಶ್ರೋತೃಗಳಿಗೆ ಬಿಡಿಸಿ ತೋರಿಸಿದನು. ರಚಿಸುವ ಶಕ್ತಿಯೂ ಆಸ್ವಾದಿಸುವ ಶಕ್ತಿಯೂ ಒಬ್ಬನಲ್ಲಿಯೇ ಕೂಡುವುದು ವಿರಳ. ಚಿತ್ರಸಂಗೀತವು ವಿಮರ್ಶೆಗೆ ಅರ್ಹವಲ್ಲವೆನ್ನುವವರು ಈ ಉದಾಹರಣೆಯನ್ನು ಪರ್ಯಾಲೋಚಿಸುವುದು ಯುಕ್ತ.