ಬೆಂಗಳೂರು, 1877: ಕಾದು ಕುಳಿತವರ ಅಚ್ಚುಚಿತ್ರ

ಊರು ಹಾಳಾದುದನ್ನು ತೋರಿಸಲು ಬೆಂಕಿ, ಹೊಗೆ, ಕುಸಿದ ಗೋಡೆ ಬೇಕೇ ಬೇಕೆಂದು ಅಚ್ಚುಚಿತ್ರ ಮಾಡುವವರು ಬಹುಕಾಲ ನಂಬಿದ್ದರು. ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವಾರಪತ್ರಿಕೆ ಹುಟ್ಟಿದ್ದೇ ಬೆಂಕಿಯೊಂದಿಗೆ. 1842ರ ಮೇ 14ರ ಮೊದಲ ಸಂಚಿಕೆಗೆ ಹ್ಯಾಂಬರ್ಗ್ ನಗರ ಉರಿಯುವ ಚಿತ್ರ ಬೇಕಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಆ ನಗರದ ಹಳೆಯ ಚಿತ್ರವೊಂದನ್ನು ನಕಲು ಮಾಡಿ, ಅದಕ್ಕೆ ಜ್ವಾಲೆ ಸೇರಿಸಿದರು.

ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ರ ಮೇ 4ರಂದು. ಮರುವರ್ಷ ರಾಬರ್ಟ್ ಕೆರ್ ಪೋರ್ಟರ್ ಲಂಡನ್ನಿನಲ್ಲೇ ಕುಳಿತು ಆ ಲಗ್ಗೆಯ ಭಾರೀ ಚಿತ್ರ ಬರೆದ. ಜೊವಾನ್ನಿ ವೆಂಡ್ರಾಮಿನಿ ಅದನ್ನು ಅಚ್ಚಿಗೆ ಇಳಿಸಿದ. ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ನೋಟವೆಲ್ಲ ಗೆದ್ದ ಸೈನಿಕರ ಮೇಲೆ. ಆ ರಾತ್ರಿ ಸುಲಿಗೆಗೆ ಸಿಕ್ಕ ಪಟ್ಟಣದ ಮಂದಿಗೆ ಅಲ್ಲಿ ಜಾಗವಿಲ್ಲ.

ನನಗೆ ಇದಕ್ಕಿಂತ ದೊಡ್ಡದು ಅದೇ ವಾರಪತ್ರಿಕೆಯ 1877ರ ಅಕ್ಟೋಬರ್ 20ರ ಮರದಚ್ಚು. ಬೆಂಗಳೂರಿನಲ್ಲಿ ಬರಪರಿಹಾರಕ್ಕೆ ಕಾದಿರುವ ಜನ, ಅಷ್ಟೇ. ಜ್ವಾಲೆಯಿಲ್ಲ, ವೀರನಿಲ್ಲ. ಬರ ಹಳ್ಳಿಯದು, ಅನ್ನ ಹುಡುಕಿ ಬಂದವರಿಂದ ಅದು ನಗರದ್ದೂ ಆಯಿತು.

ಆ ಕಾಲದ ಮರದಚ್ಚಿನ ಕೆಲಸ ತಿಳಿದರೆ ಚಿತ್ರ ಇನ್ನಷ್ಟು ತಟ್ಟುತ್ತದೆ. ಬಾಕ್ಸ್‌ವುಡ್ ಎಂಬ ಗಟ್ಟಿ ಕಟ್ಟಿಗೆಯನ್ನು ಅಡ್ಡಲಾಗಿ ಕೊಯ್ದು, ಆ ಮುಖದ ಮೇಲೆ ಚೂಪು ಉಳಿಯಿಂದ ಕೆತ್ತುತ್ತಿದ್ದರು. ಕೆತ್ತಿದ್ದು ಬಿಳಿ, ಉಳಿದದ್ದು ಕಪ್ಪು. ಚಿತ್ರ ದೊಡ್ಡದಾದರೆ ತುಂಡುಗಳನ್ನು ಬೋಲ್ಟಿನಿಂದ ಜೋಡಿಸಿ, ಬೇರೆ ಬೇರೆಯವರಿಗೆ ಹಂಚುತ್ತಿದ್ದರು. ಅಂಥ ಎಷ್ಟೋ ಪುಟಗಳಲ್ಲಿ ಜೋಡಣೆಯ ಬಿಳಿಗೆರೆ ಇಂದಿಗೂ ಕಾಣುತ್ತದೆ. ನಮ್ಮ ಕಲಘಟಗಿಯ ತೊಟ್ಟಿಲು ಮಾಡುವವರು ಕಟ್ಟಿಗೆಗೆ ಅರಗಿನ ಬಣ್ಣ ಏರಿಸುತ್ತಾರೆ. ಮರದಚ್ಚಿನಲ್ಲಾದರೋ ಕಟ್ಟಿಗೆ ಕಳೆದಷ್ಟೇ ಬೆಳಕು. ಬಡಕಲು ಎದೆಯ ಎಲುಬು ಮೂಡಬೇಕಾದರೆ ಕೆತ್ತುವವನು ಮೈಯ ನೆರಳನ್ನೇ ಕಡಿಯಬೇಕು. ಹಸಿವನ್ನು ಹೇಳಲು ಇದಕ್ಕಿಂತ ತಕ್ಕ ವಿಧಾನ ನನಗೆ ಗೊತ್ತಿಲ್ಲ.

1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಳ್ಳಾರಿಯ ಬರದ ಚಿತ್ರ ಅದೇ ಅಕ್ಟೋಬರಿನಲ್ಲಿ ‘ದಿ ಗ್ರಾಫಿಕ್’ನಲ್ಲಿ ಬಂತು. ನಮ್ಮ ಧಾರವಾಡ, ಪಕ್ಕದ ಕಲಾದಗಿ ಜಿಲ್ಲೆಗಳೂ ಆ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬೆಂದವು. ಪಠ್ಯಪುಸ್ತಕದಲ್ಲಿ ಶ್ರೀರಂಗಪಟ್ಟಣದ ಲಗ್ಗೆಯ ಚಿತ್ರ ಹಾಕುವವರು ಎದುರಿನ ಪುಟದಲ್ಲಿ ಬೆಂಗಳೂರಿನ ಈ ಮರದಚ್ಚನ್ನೂ, ಗೆರೆ ಮಾಸದಷ್ಟು ದೊಡ್ಡದಾಗಿ, ಹಾಕಲಿ.